ಸಗಣಿಯಿಂದ ಕರೆಂಟ್: ಲ್ಯಾಬ್ ಮೇಡಂಗೆ ಕೇಳಿ

ಅಡ್ಮಿನ್: ಇವತ್ತಿನ ವಿಷಯ ಎಂಎಫ್‌ಸಿ, ಅಂದರೆ ಬ್ಯಾಕ್ಟೀರಿಯಾದಿಂದ ಕರೆಂಟ್ ತೆಗೆಯುವ ಸೆಲ್, ಮತ್ತು ಅದರ ಸಲಕರಣೆ. ಮೇಡಂ ಬಿಡುವಾದಾಗ ಉತ್ತರ ಕೊಡುತ್ತಾರೆ.

ಬಿಎಸ್ಸಿ ಹುಡುಗ: ನಮಸ್ಕಾರ ಮೇಡಂ. ಸಗಣಿ ನೀರಿನ ಡಬ್ಬಿಗೆ ತಾಮ್ರದ ತಂತಿ, ಜಿಂಕ್ ತಗಡು ಇಳಿಬಿಟ್ಟಿದ್ದೇವೆ. ಮಲ್ಟಿಮೀಟರ್ 0.9 ವೋಲ್ಟ್ ತೋರಿಸುತ್ತಿದೆ. ಪೋಸ್ಟರ್‌ಗೆ ಹಾಕಬಹುದಾ?

ಮೇಡಂ: ಈಗಲೇ ಹಾಕಬೇಡಿ. ತಗಡನ್ನು ಎತ್ತಿ ತೊಳೆದು ನೋಡಿ, ನೀರಿನ ಗೆರೆಯ ಕೆಳಗೆ ಹೊಳಪು ಹೋಗಿ ಬೂದು ಬಣ್ಣ ಬಂದಿದ್ದರೆ ಜಿಂಕ್ ಸವೆಯುತ್ತಿದೆ, ನಿಮ್ಮ ಕರೆಂಟ್ ಅಲ್ಲಿಂದ ಬರುತ್ತಿದೆ. ಖಚಿತ ಆಗಬೇಕಾ? ಅದೇ ಸಗಣಿ ನೀರನ್ನು ಇನ್ನೊಂದು ಡಬ್ಬಿಯಲ್ಲಿ ಕುಕ್ಕರ್‌ನಲ್ಲಿಟ್ಟು 20 ನಿಮಿಷ ಬೇಯಿಸಿ (ಮನೆಯ ಕುಕ್ಕರ್ ಬೇಡ, ಅಮ್ಮ ಬೈಯುತ್ತಾರೆ), ಆರಿದ ಮೇಲೆ ಅದೇ ಲೋಹಗಳನ್ನು ಇಳಿಸಿ. ಆಗಲೂ ಅಷ್ಟೇ ಬಂದರೆ ಬ್ಯಾಕ್ಟೀರಿಯಾಕ್ಕೂ ಇದಕ್ಕೂ ಸಂಬಂಧ ಇಲ್ಲ. ಲೋಹದ ಬದಲು ಎರಡೂ ಕಡೆ ಕಾರ್ಬನ್ ಫೆಲ್ಟ್ (ಇಂಗಾಲದ ನಾರಿನ, ಕಂಬಳಿಯಂಥ ಹಾಳೆ) ಹಾಕಿ. ಒಂದು ತುಂಡು ಸಗಣಿಯ ತಳದಲ್ಲಿ, ಗಾಳಿ ತಾಗದ ಕಡೆ (ಇದು ಆನೋಡ್), ಇನ್ನೊಂದು ಮೇಲಿನ ನೀರಿನಲ್ಲಿ (ಇದು ಕ್ಯಾಥೋಡ್). ತಂತಿಗೆ ಟೈಟಾನಿಯಂ, ಇಲ್ಲದಿದ್ದರೆ ಸ್ಟೀಲ್. ತಾಮ್ರ ಕರಗಿದರೆ ಬ್ಯಾಕ್ಟೀರಿಯಾಕ್ಕೆ ವಿಷ. ಬರೀ ಮಲ್ಟಿಮೀಟರ್ ಇಟ್ಟರೆ ಲೋಡ್ ಇಲ್ಲದ ವೋಲ್ಟೇಜ್ ಸಿಗುತ್ತದೆ, ಅದು ಪವರ್ ಅಲ್ಲ. 1000 ಓಮ್ ರೆಸಿಸ್ಟರ್ ಅಡ್ಡ ಹಾಕಿ ಓದಿ. 0.3 ವೋಲ್ಟ್ ಬಂದರೆ 0.3 ಮಿಲಿಆಂಪ್, 0.09 ಮಿಲಿವಾಟ್. ಅದನ್ನು ಆನೋಡ್‌ನ ವಿಸ್ತೀರ್ಣದಿಂದ ಭಾಗಿಸಿ ಪೋಸ್ಟರ್‌ಗೆ ಹಾಕಿ. ಎಷ್ಟು ಸಣ್ಣದಾದರೂ ಅದು ನಿಜದ ಅಂಕಿ.

ಪಿಯು ಮೇಷ್ಟ್ರು: ಆನೋಡ್, ಕ್ಯಾಥೋಡ್ ನಡುವೆ ಹಾಕುವ ನಾಫಿಯಾನ್ ಮೆಂಬ್ರೇನ್ (ಅಯಾನು ದಾಟಿಸುವ ಪೊರೆ) ದುಬಾರಿ ಮೇಡಂ. ಉಪ್ಪು–ಅಗರ್ ಸೇತುವೆ (ಉಪ್ಪು ಬೆರೆಸಿದ ಅಗರ್ ಜೆಲ್ಲಿ ತುಂಬಿದ ಕೊಳವೆ) ಸಾಕಾ?

ಮೇಡಂ: ಮಕ್ಕಳಿಗೆ ತೋರಿಸೋಕೆ ಸಾಕು. ಪವರ್ ಅಳೆಯೋಕೆ ಬೇಡ, ಒಳಗಿನ ರೋಧ ಜಾಸ್ತಿ.

ಎಲೆಕ್ಟ್ರಾನಿಕ್ಸ್ ಅಣ್ಣ: ಡೇಟಾ ಲಾಗರ್ (ಅಳತೆ ತಾನೇ ಬರೆದಿಡುವ ಸಾಧನ) ಬದಲು ಆರ್ಡುಯಿನೋ (ಪುಟ್ಟ ಕಂಪ್ಯೂಟರ್ ಬೋರ್ಡ್) ನಡೆಯುತ್ತಾ?

ಮೇಡಂ: ಆರ್ಡುಯಿನೋ ಊನೋ ಒಂದು ಹೆಜ್ಜೆಗೆ ಸುಮಾರು 5 ಮಿಲಿವೋಲ್ಟ್, ಅದಕ್ಕಿಂತ ಸಣ್ಣ ಬದಲಾವಣೆ ಕಾಣಲ್ಲ. ಜೊತೆಗೆ 16 ಬಿಟ್ ಎಡಿಸಿ (ವೋಲ್ಟೇಜನ್ನು ಅಂಕಿ ಮಾಡುವ ಚಿಪ್) ಹಾಕಿ.

ಸೋಲಾರ್ ಪ್ರೇಮಿ: ಇದರಿಂದ ಒಂದು ಬಲ್ಬೂ ಉರಿಯಲ್ಲ. ಸುಮ್ನೆ ಟೈಂ ವೇಸ್ಟ್.

ಪಿಯು ಮೇಷ್ಟ್ರು: 1911ರಲ್ಲೇ ಪಾಟರ್ ಅನ್ನುವವರು ಬ್ಯಾಕ್ಟೀರಿಯಾದಿಂದ ಕರೆಂಟ್ ತೋರಿಸಿದ್ದಾರೆ ಸ್ವಾಮಿ.

ಸೋಲಾರ್ ಪ್ರೇಮಿ: ನೂರು ವರ್ಷ ದಾಟಿತು, ಬಲ್ಬ್ ಎಲ್ಲಿ? ಸಗಣಿ ಇದ್ದರೆ ಗೋಬರ್ ಗ್ಯಾಸ್ ಮಾಡಿ.

ಪಿಯು ಮೇಷ್ಟ್ರು: ಕಲಿಯೋಕೂ ನಿಮ್ಮ ಪರ್ಮಿಷನ್ ಬೇಕಾ?

ಎಂಎಸ್ಸಿ ಹುಡುಗಿ: ರೆಫರೆನ್ಸ್ ಎಲೆಕ್ಟ್ರೋಡ್ (ಹೋಲಿಸಿ ಅಳೆಯೋಕೆ ಇಡುವ, ವೋಲ್ಟೇಜ್ ಬದಲಾಗದ ಎಲೆಕ್ಟ್ರೋಡ್) ಯಾವುದು ತಗೊಳ್ಳಲಿ ಮೇಡಂ?

ಇನ್ನೊಬ್ಬ ಸದಸ್ಯ: ಫಾರ್ವರ್ಡ್ ಬಂದಿದೆ, ಕ್ಯಾಥೋಡ್ ಕಡೆಯ ದ್ರಾವಣಕ್ಕೆ ಕೆಲವರು ಹಾಕುವ ಫೆರಿಸಯನೈಡ್ ಅನ್ನುವ ರಾಸಾಯನಿಕಕ್ಕೆ ಸಲ್ಫ್ಯೂರಿಕ್ ಆಸಿಡ್ ಹಾಕಿ ಬಿಸಿ ಮಾಡಿದರೆ ಕರೆಂಟ್ ದುಪ್ಪಟ್ಟು 🙏

ಮೇಡಂ: ಯಾರೂ ಮಾಡಬೇಡಿ! ಜೋರು ಆಸಿಡ್ ಹಾಕಿ ಕಾಯಿಸಿದರೆ ಹೈಡ್ರೋಜನ್ ಸಯನೈಡ್ ಅನಿಲ ಬರುತ್ತದೆ, ಉಸಿರಾಡಿದರೆ ಜೀವ ಹೋಗುತ್ತದೆ. ಬಳಸಿದ ದ್ರಾವಣ ಸಿಂಕ್‌ಗೂ ಸುರಿಯಬೇಡಿ, ಹೆಸರು ಬರೆದ ಬೇರೆ ಕ್ಯಾನ್‌ನಲ್ಲಿಡಿ. ಕೈಮುಗಿದು ಫಾರ್ವರ್ಡ್ ಮಾಡುವ ಮೊದಲು ಒಂದು ಸಲ ಓದಬಾರದಾ? ಅಡ್ಮಿನ್, ಇದನ್ನು ಅಳಿಸಿ.

ಇನ್ನೊಬ್ಬ ಸದಸ್ಯ: ಬಂದದ್ದನ್ನು ಕಳಿಸಿದೆ ಅಷ್ಟೇ ಮೇಡಂ, ಇಷ್ಟು ಕೋಪ ಯಾಕೆ.

ಪಿಯು ಮೇಷ್ಟ್ರು: ಯಾಕೆ ಅಂತ ಮೇಲೆ ಬರೆದಿದ್ದಾರಲ್ಲ!

ಬಿಎಸ್ಸಿ ಹುಡುಗ: ಮೇಡಂ, ಬೇಯಿಸಿದ ಮೇಲೂ 0.88.

ಮೇಡಂ: ಗೊತ್ತಾಯಿತಲ್ಲ. ಎರಡೂ ಅಂಕಿ ಬರೆದಿಟ್ಟುಕೊಳ್ಳಿ, ಫೆಲ್ಟ್ ತರಿಸಿ.

ಹೊಸ ಸದಸ್ಯ: ತಾಮ್ರದ ಬದಲು ಹಿತ್ತಾಳೆ ಹಾಕಬಹುದಾ?

ಮೇಡಂ: ಇಲ್ಲ. ಅದರಲ್ಲೂ ತಾಮ್ರವೇ ಇರೋದು. ಮೇಲೆ ಓದಿ.