ಐರನ್ ಸೈಟ್ ಇರುವ ಬೋಲ್ಟ್ ರೈಫಲ್: 50 ಮೀಟರ್ ಗುರಿಗೆ ಯಾವುದನ್ನು ಆರಿಸಿಕೊಳ್ಳಲಿ?

ಬಸವನಗುಡಿ ನಿವಾಸಿ:

ಮಾನ್ಯರೇ,

ನನಗೀಗ 52 ವರ್ಷ. ಸಕಲೇಶಪುರದ ಬಳಿಯ ನಮ್ಮ ತೋಟದ ಮನೆಯಲ್ಲಿದ್ದ ತಂದೆಯವರ ಡಬಲ್ ಬ್ಯಾರಲ್ ಕೋವಿ ಅವರ ನಂತರ ಅಣ್ಣನ ಹೆಸರಿಗೆ ಹೋಯಿತು. ನಾನು ಬೆಂಗಳೂರಿನಲ್ಲೇ ನೆಲೆಸಿರುವುದರಿಂದ ಇಲ್ಲಿನ ಪೊಲೀಸ್ ಕಮಿಷನರ್ ಕಚೇರಿಯಿಂದ ಪ್ರತ್ಯೇಕವಾಗಿ ಲೈಸೆನ್ಸ್ ಪಡೆದಿದ್ದೇನೆ. ಬೇಟೆಯ ಮಾತಿಲ್ಲ, ಅದು ವನ್ಯಜೀವಿ ಕಾಯ್ದೆಯಿಂದಾಗಿ ಎಂದೋ ಮುಗಿದ ವಿಷಯ. ರೈಫಲ್ ಕ್ಲಬ್ಬಿನಲ್ಲಿ ವಾರಕ್ಕೊಮ್ಮೆ ನೆಲದ ಮೇಲೆ ಮಲಗಿ, 50 ಮೀಟರ್ ದೂರದ ಕಾಗದದ ಗುರಿಗೆ, ದುರ್ಬೀನು ಇಲ್ಲದೆ, ಬರಿಯ ಐರನ್ ಸೈಟ್‌ನಿಂದ (ರೈಫಲ್ ಮೇಲಿನ ಲೋಹದ ಗುರಿಸಾಧನ) ಹೊಡೆಯುವುದನ್ನು ಸರಿಯಾಗಿ ಕಲಿಯಬೇಕೆಂಬುದೊಂದೇ ನನ್ನ ಆಸೆ.

ಮೂರು ಬೋಲ್ಟ್ ರೈಫಲ್‌ಗಳು, ಅಂದರೆ ಪ್ರತಿ ಗುಂಡಿಗೂ ಹಿಡಿಯನ್ನು ಕೈಯಿಂದ ಎಳೆದು ತೋಟೆ ಸೇರಿಸುವಂಥವು, ನನ್ನ ಕಣ್ಣಮುಂದಿವೆ. ಒಂದು, ಸರ್ಕಾರಿ ಕಾರ್ಖಾನೆಯ .315 (ಇದು ಇಂಚಿನಲ್ಲಿ ಬ್ಯಾರಲ್‌ನ ಬೋರ್, ಅಂದರೆ ಒಳ ಅಳತೆ). ಎರಡನೆಯದು ಅದೇ ಕಾರ್ಖಾನೆಗಳ .22 ಬೋಲ್ಟ್ ರೈಫಲ್, ಹಿಂದೆ ಕಚ್ಚು, ಮುಂದೆ ಕಡ್ಡಿ ಇರುವ ಓಪನ್ ಸೈಟ್‌ನದು. ಮೂರನೆಯದು, ಕ್ರೀಡೆಯಿಂದ ನಿವೃತ್ತರಾಗುತ್ತಿರುವ ಒಬ್ಬರ ಬಳಿ ಇರುವ .22 ಮ್ಯಾಚ್ ರೈಫಲ್. ಅದರ ಹಿಂಭಾಗದಲ್ಲಿ ಸಣ್ಣ ರಂಧ್ರದ ಪೀಪ್ ಸೈಟ್, ಮುಂಭಾಗದಲ್ಲಿ ಕೊಳವೆಯೊಳಗೆ ಉಂಗುರ. ಇದರ ಬೆಲೆ ಉಳಿದೆರಡಕ್ಕಿಂತ ಬಹಳ ಹೆಚ್ಚು.

ಅಂಗಡಿಯೊಂದರಲ್ಲಿ ಓಪನ್ ಸೈಟ್‌ನ .22 ಕೈಗೆತ್ತಿಕೊಂಡಾಗ ಮುಂದಿನ ಕಡ್ಡಿ ಬಲಕ್ಕೆ ಸ್ವಲ್ಪ ವಾಲಿದಂತೆ ಕಂಡಿತು. ಕೇಳಿದರೆ, ಎಲ್ಲವೂ ಹೀಗೆಯೇ ಇರುತ್ತವೆ, ಹೊಡೆಯುತ್ತಾ ಹೋದರೆ ಕೈ ಹೊಂದಿಕೊಳ್ಳುತ್ತದೆ ಎಂದರು. ಆ ಉತ್ತರ ನನಗೆ ಸಮಾಧಾನ ಕೊಡಲಿಲ್ಲ. ಐರನ್ ಸೈಟ್ ನಿಖರವಾಗಿದೆ ಎಂದರೆ ಏನರ್ಥ, ಕೊಳ್ಳುವ ಮುನ್ನ ಅದನ್ನು ಪರೀಕ್ಷಿಸುವುದು ಹೇಗೆ? ನಾನು ಪ್ರೋಗ್ರೆಸಿವ್ ಕನ್ನಡಕ ಹಾಕುತ್ತೇನೆ ಎಂಬುದನ್ನೂ ಗಮನಿಸಿ ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಜಾಲಹಳ್ಳಿಯ ನಿವೃತ್ತ ಸುಬೇದಾರ್:

ನಮಸ್ಕಾರ ಸರ್. ಕಡ್ಡಿ ವಾಲಿದ್ದನ್ನು ನೀವು ಗಮನಿಸಿದಿರಲ್ಲ, ಪರೀಕ್ಷೆ ಆರಂಭವಾಗಬೇಕಾದದ್ದು ಅಲ್ಲಿಂದಲೇ. ಅಂಗಡಿಯವರ ಉತ್ತರವನ್ನು ಒಪ್ಪಬೇಡಿ. ಕೈ ಹೊಂದಿಕೊಳ್ಳಬಹುದು, ಆದರೆ ಕಡ್ಡಿ ನೆಟ್ಟಗಿಲ್ಲದ ರೈಫಲ್‌ನಲ್ಲಿ ಎತ್ತರವನ್ನು ತಿದ್ದಲು ಹೋದಾಗಲೆಲ್ಲ ಗುಂಡು ಪಕ್ಕಕ್ಕೂ ಸರಿಯುತ್ತದೆ. ಯಾವ ತಪ್ಪು ನಿಮ್ಮದು, ಯಾವುದು ರೈಫಲ್‌ನದು ಎಂಬುದು ಎಂದಿಗೂ ತಿಳಿಯುವುದಿಲ್ಲ.

ಅಂಗಡಿಗೆ ಹೋಗುವಾಗ ಒಂದು ಟೇಪು ಜೇಬಿನಲ್ಲಿರಲಿ. ಹಿಂದಿನ ಸೈಟ್‌ನಿಂದ ಮುಂದಿನ ಸೈಟ್‌ವರೆಗಿನ ಅಂತರವನ್ನು ಅಳೆಯಿರಿ. ಅದು 500 ಮಿಲಿಮೀಟರ್ ಇದ್ದು, ನಿಮ್ಮ ಕಣ್ಣು ಮುಂದಿನ ಕಡ್ಡಿಯನ್ನು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತಪ್ಪಾಗಿ ನಿಲ್ಲಿಸಿತು ಎನ್ನಿ, 50 ಮೀಟರಿನಲ್ಲಿ ಗುಂಡು 10 ಮಿಲಿಮೀಟರ್ ಆಚೆ ಬೀಳುತ್ತದೆ. ಅಂತರ 700 ಇದ್ದರೆ ಅದೇ ತಪ್ಪಿಗೆ ಗುಂಡು ಸರಿಯುವುದು ಸುಮಾರು 7 ಮಿಲಿಮೀಟರ್ ಮಾತ್ರ. ಅಂತರರಾಷ್ಟ್ರೀಯ 50 ಮೀಟರ್ ಗುರಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್. ಗುಂಡಿನ ಅಂಚು ಗೆರೆಯನ್ನು ಮುಟ್ಟಿದರೂ ಅಂಕ ಸಿಗುವುದರಿಂದ, ಉದ್ದ ಅಂತರದ ರೈಫಲ್‌ನಲ್ಲಿ ಆ ತಪ್ಪಿಗೂ ಹತ್ತು ಉಳಿಯುತ್ತದೆ, ಗಿಡ್ಡ ಅಂತರದ್ದರಲ್ಲಿ ಅದು ಒಂಬತ್ತಕ್ಕೆ ಇಳಿಯುತ್ತದೆ. ಹೊಡೆಯುವವನ ತಪ್ಪು ಎರಡರಲ್ಲೂ ಒಂದೇ ಎಂಬುದನ್ನು ಗಮನಿಸಿ.

ಅನಂತರ ಹಿಂದಿನ ಕಚ್ಚಿನ ಆಕಾರವನ್ನು ನೋಡಿ. ಇಳಿಜಾರಿನ ವಿ ಆಕಾರಕ್ಕಿಂತ ಚೌಕಾಕಾರದ ಕಚ್ಚು ಮೇಲು. ಕಡ್ಡಿಯ ಎಡಬಲಗಳಲ್ಲಿ ಎರಡು ಬೆಳಕಿನ ಪಟ್ಟಿಗಳು ಸಮನಾಗಿ ಕಂಡರೆ ಮಧ್ಯ ಸಿಕ್ಕಿತೆಂದು ಕಣ್ಣಿಗೆ ತಾನಾಗಿ ಗೊತ್ತಾಗುತ್ತದೆ, ಕಡ್ಡಿಯ ತುದಿ ಕಚ್ಚಿನ ಮೇಲಂಚಿಗೆ ಸಮವಾಗಿದೆಯೇ ಎಂಬುದೂ ಸ್ಪಷ್ಟವಾಗುತ್ತದೆ. ಕಡ್ಡಿಯ ದಪ್ಪ 2 ಮಿಲಿಮೀಟರ್ ಇದ್ದು ಕಣ್ಣಿನಿಂದ 80 ಸೆಂಟಿಮೀಟರ್ ದೂರದಲ್ಲಿದ್ದರೆ, 50 ಮೀಟರಿನಲ್ಲಿ ಅದು 12.5 ಸೆಂಟಿಮೀಟರ್ ಜಾಗವನ್ನು ಮುಚ್ಚುತ್ತದೆ, ಅಂದರೆ ಗುರಿಯ ಕಪ್ಪು ಭಾಗಕ್ಕಿಂತಲೂ ಹೆಚ್ಚು. ಆದ್ದರಿಂದಲೇ ಓಪನ್ ಸೈಟ್‌ನಲ್ಲಿ ಕಪ್ಪಿನ ನಡುವಿಗೆ ಗುರಿ ಹಿಡಿಯದೆ, ಅದರ ಕೆಳ ಅಂಚಿನಲ್ಲಿ ಬಿಳಿಯ ಸಣ್ಣ ಎಳೆಯೊಂದನ್ನು ಉಳಿಸಿ ಹಿಡಿಯಬೇಕೆಂದು ನಾವು ರಂಗರೂಟುಗಳಿಗೆ ಕಲಿಸುತ್ತಿದ್ದೆವು.

ಆದರೂ ನನ್ನ ಮತ ಪೀಪ್ ಸೈಟ್‌ಗೇ. ಬ್ರಿಟಿಷ್ ಸೈನ್ಯದ ಹಳೆಯ ಬೋಲ್ಟ್ ರೈಫಲ್ ಲೀ ಎನ್‌ಫೀಲ್ಡ್‌ನ ಉದಾಹರಣೆ ನೋಡಿ. ಮೊದಲ ಮಹಾಯುದ್ಧದ ಕಾಲದ ಮಾದರಿಯಲ್ಲಿ ಹಿಂದಿನ ಸೈಟ್ ಬ್ಯಾರಲ್ ಮೇಲೆ, ಬೋಲ್ಟ್‌ಗಿಂತ ಬಹಳ ಮುಂದೆ ಇತ್ತು. ನಂಬರ್ 4 ಮಾದರಿಗೆ ಬಂದಾಗ ಅದನ್ನು ಕಣ್ಣಿನ ಹತ್ತಿರಕ್ಕೆ ತಂದು, ಕಚ್ಚಿನ ಬದಲು ರಂಧ್ರವನ್ನಿಟ್ಟರು. ಸೈಟ್‌ಗಳ ಅಂತರವೂ ಒಮ್ಮೆಲೇ ಹೆಚ್ಚಿತು. ಕೆನಡಾದ ಉತ್ತರದ ಹಿಮಪ್ರದೇಶದಲ್ಲಿ ಕಾವಲಿರುವ ರೇಂಜರ್‌ಗಳು ಈ ನಂಬರ್ 4 ರೈಫಲನ್ನು ದಶಕಗಳ ಕಾಲ ಬಿಡಲಿಲ್ಲ. ಈಚೆಗೆ ಅವರಿಗೆ ಟಿಕ್ಕಾ ಕಂಪನಿಯ ವಿನ್ಯಾಸದ ಹೊಸ ಬೋಲ್ಟ್ ರೈಫಲ್ ಬಂದಿದೆ. ಅದರಲ್ಲೂ ಹಿಂದಿನದು ರಂಧ್ರದ ಸೈಟೇ. ಒಂದು ಮಾತು: ಇಂಥ ವಿದೇಶಿ ರೈಫಲ್‌ಗಳನ್ನು ಜಾಲತಾಣದಲ್ಲಿ ನೋಡಿ ಆಸೆ ಪಡಬೇಡಿ, ಸಾಮಾನ್ಯ ಲೈಸೆನ್ಸ್‌ದಾರರು ಅವನ್ನು ತರಿಸಿಕೊಳ್ಳುವ ಹಾದಿ ನಮ್ಮಲ್ಲಿಲ್ಲ. ಲೀ ಎನ್‌ಫೀಲ್ಡ್‌ನ ತ್ರೀ ನಾಟ್ ತ್ರೀ (.303) ಅಂತೂ ನಿಷೇಧಿತ ಬೋರ್.

ಜಯನಗರದ ನೇತ್ರವೈದ್ಯೆ:

ಸುಬೇದಾರ್ ಸರ್ ರೈಫಲ್‌ನ ಕಡೆಯಿಂದ ಹೇಳಿದ್ದನ್ನು ನಾನು ಕಣ್ಣಿನ ಕಡೆಯಿಂದ ಮುಂದುವರಿಸುತ್ತೇನೆ. ನಾನು ಸ್ವತಃ ಏಳು ವರ್ಷಗಳಿಂದ ಏರ್ ರೈಫಲ್ ಅಭ್ಯಾಸ ಮಾಡುತ್ತಿದ್ದೇನೆ.

ಓಪನ್ ಸೈಟ್ ಕಣ್ಣಿನಿಂದ ಮೂರು ದೂರಗಳನ್ನು ಒಟ್ಟಿಗೆ ಕೇಳುತ್ತದೆ: ಹಿಂದಿನ ಕಚ್ಚು, ಮುಂದಿನ ಕಡ್ಡಿ, 50 ಮೀಟರಿನ ಗುರಿ. ಯಾವ ವಯಸ್ಸಿನ ಕಣ್ಣೂ ಮೂರನ್ನೂ ಏಕಕಾಲಕ್ಕೆ ಸ್ಪಷ್ಟವಾಗಿ ಕಾಣಲಾರದು. ಎಳೆಯರ ಕಣ್ಣಿನ ಮಸೂರ ಬೇಗ ಬೇಗ ಬದಲಾಗಿ ನಿಭಾಯಿಸುತ್ತದೆ. ನಲವತ್ತೈದು ದಾಟಿದ ಮೇಲೆ ಮಸೂರ ಬಿಗಿಯಾಗುವುದರಿಂದ ಹತ್ತಿರದ ಕಚ್ಚು ಮಸುಕಾಗಿಯೇ ಉಳಿಯುತ್ತದೆ. ಪೀಪ್ ಸೈಟ್‌ನಲ್ಲಿ ಹಿಂದಿನ ರಂಧ್ರವನ್ನು ನೋಡುವ ಅಗತ್ಯವೇ ಇಲ್ಲ, ಅದರ ಮೂಲಕ ನೋಡಿದರೆ ಸಾಕು, ಕಣ್ಣು ತಾನಾಗಿ ರಂಧ್ರದ ನಡುವಿಗೆ ಬರುತ್ತದೆ. ರಂಧ್ರ ಸಣ್ಣದಿದ್ದಷ್ಟೂ ಮುಂದಿನ ಉಂಗುರ ಮತ್ತು ಗುರಿ ಎರಡೂ ಒಟ್ಟಿಗೆ ತಿಳಿಯಾಗಿ ಕಾಣುತ್ತವೆ. ನಮ್ಮ ಚಿಕಿತ್ಸಾಲಯದಲ್ಲಿ ರೋಗಿಯ ಕಣ್ಣಿಗೆ ತೂತಿನ ಫಲಕ ಹಿಡಿದು ಅಕ್ಷರ ಓದಿಸುತ್ತೇವಲ್ಲ, ಇದೂ ಅದೇ ತತ್ವ. ಆದರೆ ಅತಿ ಸಣ್ಣ ರಂಧ್ರದಲ್ಲಿ ಬೆಳಕು ಸಾಲದೆ ಚಿತ್ರ ಮಂಕಾಗುತ್ತದೆ. 1 ಮಿಲಿಮೀಟರಿನಿಂದ ಆರಂಭಿಸಿ, ಮೋಡ ಕವಿದ ದಿನ ಸ್ವಲ್ಪ ಹಿಗ್ಗಿಸಿಕೊಳ್ಳಿ; ಮ್ಯಾಚ್ ರೈಫಲ್‌ಗಳಲ್ಲಿ ಇದಕ್ಕಾಗಿ ತಿರುಗಿಸಿ ರಂಧ್ರವನ್ನು ಹಿಗ್ಗಿಸುವ, ಕುಗ್ಗಿಸುವ ಐರಿಸ್ ಹಾಕಿಸಿಕೊಳ್ಳಬಹುದು.

ಪ್ರೋಗ್ರೆಸಿವ್ ಕನ್ನಡಕವನ್ನು ದಯವಿಟ್ಟು ಮನೆಯಲ್ಲೇ ಬಿಡಿ. ಮಲಗಿ ಕೆನ್ನೆಯನ್ನು ರೈಫಲ್‌ನ ಹಿಂಬದಿಯ ಮರದ ಭಾಗದ ಮೇಲಿಟ್ಟಾಗ ನೀವು ಗಾಜಿನ ಮೇಲಿನ ಒಳಮೂಲೆಯಿಂದ ನೋಡುತ್ತೀರಿ, ತಲೆ ತುಸು ಅಲುಗಿದರೂ ಪವರ್ ಬದಲಾಗುತ್ತದೆ. ಗುರಿ ಹಿಡಿಯುವ ಕಣ್ಣಿಗೆ ನಿಮ್ಮ ದೂರದೃಷ್ಟಿಯ ಪವರ್‌ಗೆ ಸುಮಾರು ಅರ್ಧ ಡಯಾಪ್ಟರ್ ಪ್ಲಸ್ ಸೇರಿಸಿದ ಏಕದೃಷ್ಟಿಯ ಗಾಜು ಮಾಡಿಸಿಕೊಳ್ಳಿ. ಮುಂದಿನ ಸೈಟ್ ತಿಳಿಯಾಗುತ್ತದೆ, ಗುರಿಯೂ ಅತಿಯಾಗಿ ಮಸುಕಾಗುವುದಿಲ್ಲ. ಇನ್ನೊಂದು ಕಣ್ಣನ್ನು ಬಿಗಿಯಾಗಿ ಮುಚ್ಚಬೇಡಿ. ಅದರ ಮುಂದೆ ಬಿಳಿಯ ಕಾಗದದ ತುಂಡು ಇರಲಿ, ಕಪ್ಪು ಬೇಡ.

ಉಂಗುರದ ವಿಷಯದಲ್ಲಿ ಹೊಸಬರು ತಪ್ಪುವುದನ್ನು ಬಹಳ ಕಂಡಿದ್ದೇನೆ. 50 ಮೀಟರ್ ಗುರಿಯ ಕಪ್ಪು ಭಾಗದ ವ್ಯಾಸ 112.4 ಮಿಲಿಮೀಟರ್, ಕಣ್ಣಿನಿಂದ ಒಂದು ಮೀಟರ್ ದೂರದ ಉಂಗುರದಲ್ಲಿ ಅದು ಎರಡೂಕಾಲು ಮಿಲಿಮೀಟರಿನಷ್ಟು ಕಾಣುತ್ತದೆ. ಬಿಗಿಯಾಗಿದ್ದರೆ ನಿಖರವೆಂದುಕೊಂಡು ಎರಡೂವರೆಯ ಉಂಗುರ ಹಾಕಿಕೊಂಡರೆ ಬಿಳಿ ಸುತ್ತು ಮಿಣುಕಿ ಮಾಯವಾಗುತ್ತದೆ, ಕಣ್ಣು ಬೇಗ ದಣಿಯುತ್ತದೆ. ಮೂರೂವರೆಯ ಆಸುಪಾಸಿನಲ್ಲಿ ಆರಂಭಿಸಿ, ಕಪ್ಪಿನ ಸುತ್ತ ಧಾರಾಳವಾಗಿ ಬಿಳಿ ಕಾಣಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶದ ಸ್ವಪ್ನಿಲ್ ಕುಸಾಳೆ 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದದ್ದು ಇಂಥ ಸೈಟ್‌ನಿಂದಲೇ. ಆ ಸ್ಪರ್ಧೆಯಲ್ಲಿ ದುರ್ಬೀನಿಗೆ ಅವಕಾಶವಿಲ್ಲ.

ವಿರಾಜಪೇಟೆಯವನು, ಈಗ ವಸಂತನಗರ:

.315 ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಅದು ಇದೆ. ಕೊಡಗಿನಲ್ಲಿ ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳಿಗೆ ತೋಕ್ ಪೂ (ಕೋವಿ ಹೂ) ಇಟ್ಟು ಪೂಜಿಸಿ, ಆಮೇಲೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ ಹಿಡಿಯುವ ಮನೆತನದಲ್ಲಿ ಬೆಳೆದವನಾದ್ದರಿಂದ ಆ ಕೋವಿಯ ಮೇಲೆ ನನಗೆ ಗೌರವವಿದೆ. ಗಟ್ಟಿ ಬೋಲ್ಟ್, ಮಳೆಗಾಲದಲ್ಲೂ ಕೈಕೊಡುವುದಿಲ್ಲ. ತೆಂಗಿನಕಾಯಿಗೆ ಅದರ ಸೈಟ್ ಸಾಕು. ಕಾಗದದ ಮೇಲಿನ 10.4 ಮಿಲಿಮೀಟರಿಗೆ ಅದು ಮಾಡಿದ್ದಲ್ಲ. ತೋಟೆ ದುಬಾರಿ, ಒದೆತ ಜೋರು. ವಾರಕ್ಕೆ ಐವತ್ತು ಹೊಡೆದು ಕಲಿಯಬೇಕಾದವರು ಹತ್ತಕ್ಕೇ ನಿಲ್ಲಿಸುತ್ತಾರೆ, ಆ ಹತ್ತರಲ್ಲೂ ಟ್ರಿಗರ್ ಎಳೆಯುವ ಮುನ್ನವೇ ಹೆಗಲು ಅದುರಲು ಕಲಿಯುತ್ತದೆ. ಆ ಚಟ ಒಮ್ಮೆ ಅಂಟಿದರೆ ಬಿಡಿಸುವುದು ಬಹಳ ಕಷ್ಟ. ನನಗೆ ಎರಡು ವರ್ಷ ಬೇಕಾಯಿತು. ನಿಮಗೆ .22 ಸರಿ.

ಓಪನ್ ಸೈಟ್‌ನ .22 ಅನ್ನೇ ಕೊಳ್ಳುವುದಾದರೆ, ಹಿಂದಿನ ಸೈಟ್ ಎಡಬಲಕ್ಕೆ ಸರಿಯುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಗುಂಡನ್ನು ಯಾವ ಕಡೆಗೆ ಒಯ್ಯಬೇಕೋ ಹಿಂದಿನ ಸೈಟನ್ನು ಅದೇ ಕಡೆಗೆ, ಮುಂದಿನದನ್ನು ವಿರುದ್ಧ ಕಡೆಗೆ ಸರಿಸಬೇಕು. ಎಷ್ಟು ಎಂಬುದಕ್ಕೂ ಲೆಕ್ಕವಿದೆ: 50 ಮೀಟರಿನಲ್ಲಿ ಗುಂಡುಗಳ ಗುಂಪು 6 ಸೆಂಟಿಮೀಟರ್ ಎಡಕ್ಕಿದ್ದು, ಸೈಟ್‌ಗಳ ಅಂತರ 500 ಮಿಲಿಮೀಟರ್ ಆದರೆ, ಹಿಂದಿನ ಸೈಟನ್ನು ಬಲಕ್ಕೆ ಸರಿಸಬೇಕಾದದ್ದು 0.6 ಮಿಲಿಮೀಟರ್. ಹಿತ್ತಾಳೆಯ ಕಡ್ಡಿಯಿಟ್ಟು ಮೆಲ್ಲಗೆ ತಟ್ಟಿ, ಮೊದಲಿದ್ದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿಕೊಂಡಿರಿ. ಬ್ಯಾರಲ್‌ನ ಬಾಯಂಚಿನಲ್ಲಿ ತರಚು ಇದೆಯೇ ಎಂದು ಉಗುರಿನಿಂದ ಸವರಿ ನೋಡಿ. ಅಲ್ಲಿ ಪೆಟ್ಟಾಗಿದ್ದರೆ ಯಾವ ಸೈಟೂ ಉಪಯೋಗಕ್ಕೆ ಬಾರದು.

ಮ್ಯಾಚ್ ರೈಫಲ್ ಆಮದಾದದ್ದಾದರೆ ಅದನ್ನು ಕೈಬದಲಿಸಲು ಷರತ್ತುಗಳಿರುತ್ತವೆ. ಕಮಿಷನರ್ ಕಚೇರಿಯಿಂದ ಲಿಖಿತವಾಗಿ ತಿಳಿದುಕೊಳ್ಳುವ ತನಕ ಮುಂಗಡ ಕೊಡಬೇಡಿ.

ಬಸವನಗುಡಿ ನಿವಾಸಿ:

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಓದಿದ ಮೇಲೆ ಈ ಭಾನುವಾರ ಕ್ಲಬ್ಬಿನಲ್ಲಿ ಕೇಳಿಕೊಂಡು, ತರಬೇತುದಾರರ ಎದುರಿನಲ್ಲಿ ಅವರದೇ ಎರಡು .22 ರೈಫಲ್‌ಗಳನ್ನು ಮರಳಿನ ಚೀಲದ ಮೇಲಿಟ್ಟು ಹೊಡೆದೆ. ಡಾಕ್ಟರ್ ಮೇಡಂ ಹೇಳಿದ ಗಾಜು ಇನ್ನೂ ಬಂದಿಲ್ಲವಾದ್ದರಿಂದ ಹಳೆಯ ಏಕದೃಷ್ಟಿಯ ಕನ್ನಡಕವನ್ನೇ ಹಾಕಿಕೊಂಡಿದ್ದೆ. ಓಪನ್ ಸೈಟ್‌ನದರಲ್ಲಿ ಸೈಟ್‌ಗಳ ಅಂತರ 520 ಮಿಲಿಮೀಟರ್ ಇತ್ತು, ಹತ್ತು ಗುಂಡುಗಳು 74 ಮಿಲಿಮೀಟರ್ ಅಗಲಕ್ಕೆ ಹರಡಿದವು. ಪೀಪ್ ಸೈಟ್‌ನದರಲ್ಲಿ ಅಂತರ 780, ಗುಂಪು 31. ಎರಡಕ್ಕೂ ಒಂದೇ ಪೆಟ್ಟಿಗೆಯ ತೋಟೆ ಬಳಸಿದ್ದೆ. ಮೊದಲನೆಯದರಲ್ಲಿ ಆರನೇ ಗುಂಡಿನ ಹೊತ್ತಿಗೆ ಕಚ್ಚು ಎಲ್ಲಿದೆ ಎಂದು ಹುಡುಕುತ್ತಿದ್ದೆ. ಎರಡನೆಯದರಲ್ಲಿ ಉಂಗುರದೊಳಗೆ ಕಪ್ಪು ಚುಕ್ಕೆ ತೇಲಿ ಬಂದು ತಾನಾಗಿ ನಿಂತಂತಾಯಿತು, ಹತ್ತು ಮುಗಿದದ್ದೂ ಗೊತ್ತಾಗಲಿಲ್ಲ.

ಹಾಗಾಗಿ .315 ಮತ್ತು ಅಂಗಡಿಯ .22 ಎರಡನ್ನೂ ಕೈಬಿಟ್ಟಿದ್ದೇನೆ. ಮ್ಯಾಚ್ ರೈಫಲ್‌ನ ವರ್ಗಾವಣೆಯ ಬಗ್ಗೆ ಕಮಿಷನರ್ ಕಚೇರಿಗೆ ಅರ್ಜಿ ಬರೆದು ಕೊಟ್ಟಾಗಿದೆ. ಉತ್ತರ ಬರುವವರೆಗೆ ಕ್ಲಬ್ಬಿನ ಪೀಪ್ ಸೈಟ್ ರೈಫಲ್‌ನಲ್ಲೇ ಅಭ್ಯಾಸ ಮುಂದುವರಿಸುತ್ತೇನೆ. ಒಂದೇ ಒಂದು ಸಂದೇಹ ಉಳಿದಿದೆ: ರೈಫಲ್ ಬಂದ ಮೇಲೆ ಮನೆಯಲ್ಲಿ ತೋಟೆಯಿಲ್ಲದೆ ಟ್ರಿಗರ್ ಎಳೆದು ಅಭ್ಯಾಸ ಮಾಡಬಹುದೇ?

ಜಾಲಹಳ್ಳಿಯ ನಿವೃತ್ತ ಸುಬೇದಾರ್:

ಮಾಡಬಹುದು, ಮಾಡಲೇಬೇಕು. ಆದರೆ .22ರಲ್ಲಿ ತೋಟೆಯನ್ನು ಸಿಡಿಸುವ ಸೂಜಿ (ಫೈರಿಂಗ್ ಪಿನ್) ತೋಟೆಯ ಅಂಚಿಗೆ ಹೊಡೆಯುತ್ತದೆ. ಖಾಲಿ ಬಿಟ್ಟು ಎಳೆದರೆ ಕೆಲವು ರೈಫಲ್‌ಗಳಲ್ಲಿ ಅದು ತೋಟೆ ಕೂರುವ ಚೇಂಬರಿನ ಬಾಯಿಗೇ ಬಡಿದು ಗುಳಿ ಬೀಳಿಸುತ್ತದೆ. ಪ್ಲಾಸ್ಟಿಕ್ಕಿನ ಡಮ್ಮಿ ತೋಟೆ ಹಾಕಿಕೊಳ್ಳಿ. ನಿಜವಾದ ತೋಟೆಗಳು ಬೇರೆ ಕೋಣೆಯಲ್ಲಿ ಬೀಗದೊಳಗಿರಲಿ, ಬೋಲ್ಟ್ ತೆಗೆದು ಚೇಂಬರನ್ನು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಿಯೇ ಕುಳಿತುಕೊಳ್ಳಿ. ಎದುರಿನ ಗೋಡೆಗೆ ಐದು ಮೀಟರ್ ದೂರದಲ್ಲಿ 11 ಮಿಲಿಮೀಟರಿನ ಕಪ್ಪು ಚುಕ್ಕೆಯೊಂದನ್ನು ಅಂಟಿಸಿದರೆ, ಉಂಗುರದಲ್ಲಿ ಅದು 50 ಮೀಟರಿನ ಗುರಿಯಷ್ಟೇ ಕಾಣುತ್ತದೆ.