ತರಗೆಲೆ ಮೇಲಿನ ಸಣ್ಣ ದೊಣ್ಣೆ ಅಣಬೆ: ಗುರುತು ಹಿಡಿದವರು ಅನುಭವ ಹೇಳಿ

ಕೇಳಿದ್ದು: ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ ಮಳೆಯಾದ ಮೇಲೆ ಕೊಳೆತ ಎಲೆಗಳ ನಡುವೆ ಬಿಳಿ ದೊಣ್ಣೆ ಅಣಬೆ ಎದ್ದಿವೆ. ತುಂಬಾ ಸಪೂರ, ಮೂರು ಸೆಂಟಿಮೀಟರ್ ಎತ್ತರ. ಇದು ಕ್ಲಾವೇರಿಯಾ ಕುಲದ್ದಾ, ಟೈಫುಲಾ ಕುಲದ್ದಾ? ಮೈಕ್ರೋಸ್ಕೋಪ್ ತಗೊಳ್ಳಬೇಕಾ?

ಜಯನಗರದಿಂದ: ತಗೊಳ್ಳಿ. ನಾನು 24,000 ರೂಪಾಯಿ ಕೊಟ್ಟೆ. 100 ಎಕ್ಸ್ ಲೆನ್ಸ್ ಮಬ್ಬಾಗಿತ್ತು. ಅಂಗಡಿಯವರು ನನ್ನ ಮೇಲೇ ತಪ್ಪು ಹೊರಿಸಿ ವಾಪಸ್ ತಗೊಳ್ಳಲಿಲ್ಲ. ಬೇರೆ ಲೆನ್ಸಿಗೆ 4,500. ಲೆನ್ಸಿನ ಎಣ್ಣೆ, ಕೋಶಕ್ಕೆ ಬಣ್ಣ ಕೊಡುವ ಕಾಂಗೋ ರೆಡ್, ಸ್ಲೈಡ್ ಖರ್ಚು ಬೇರೆ. ಆದರೆ ಕ್ಲಾವುಲಿನಾ ಎಂಬ ಇನ್ನೊಂದು ಕುಲದ ಬೇಸಿಡಿಯಂ (ಬೀಜಕ ಹೊರುವ ಕೋಶ) ತುದಿಯಲ್ಲಿ ಒಳಕ್ಕೆ ಬಾಗಿದ ಎರಡು ಕೊಂಬು ಕಂಡ ದಿನ ದುಡ್ಡು ಮರೆತೇ ಹೋಯಿತು. ಫೋಟೋದಲ್ಲಿ ಇದು ಕಾಣುತ್ತಾ?

ರಾಜಾಜಿನಗರದಿಂದ: ಮೇಡಂ, ಕಾಲ ಬದಲಾಗಿದೆ. ಐಟಿಎಸ್ ಸೀಕ್ವೆನ್ಸ್ ಮಾಡಿಸಿ, ಅಂದರೆ ಅಣಬೆಯ ಗುರುತು ಹೇಳುವ ಡಿಎನ್ಎ ತುಣುಕನ್ನು ಲ್ಯಾಬಿನಲ್ಲಿ ಓದಿಸಿ. ಒಂದು ಸ್ಯಾಂಪಲ್‌ಗೆ 3,500 ತೆತ್ತೆ. ಕೊರಿಯರ್‌ನವರು ಶನಿವಾರ, ಭಾನುವಾರ ಗೋದಾಮಲ್ಲೇ ಇಟ್ಟುಕೊಂಡರು. ರಿಪೋರ್ಟ್ ಬಂದಿದ್ದು ಪೆನಿಸಿಲಿಯಂ ಅಂತ! ಮೇಲೆ ಬೆಳೆದ ಬೂಸ್ಟಿನದು. ಮತ್ತೆ 3,500. ಈಗ ಅಣಬೆ ಕಿತ್ತ ದಿನವೇ ತೇವ ಹೀರುವ ಸಿಲಿಕಾ ಜೆಲ್‌ನಲ್ಲಿ ಒಣಗಿಸಿ ಕಳಿಸುತ್ತೇನೆ. ಕೊಂಬು ಎಣಿಸುತ್ತಾ ಕೂರುವ ಕೆಲಸವಿಲ್ಲ.

ಜಯನಗರದಿಂದ: ನೀವು ಸೀಕ್ವೆನ್ಸ್ ಹೋಲಿಸಿ ನೋಡುವ ಡೇಟಾಬೇಸಿನಲ್ಲೇ ತಪ್ಪು ಹೆಸರಿನ ಸೀಕ್ವೆನ್ಸ್‌ಗಳಿವೆ. ಅವನ್ನು ಯಾರು ತಿದ್ದಬೇಕು? ಕೊಂಬು ಎಣಿಸುವವರೇ ಅಲ್ವಾ?

ಕೆಂಗೇರಿಯಿಂದ: ಇಬ್ಬರೂ ಬುಡವನ್ನೇ ಬಿಟ್ಟಿರಿ. ನಾನು ಯಾವತ್ತೂ ಎಲೆ ಸಮೇತ ಎತ್ತುತ್ತೇನೆ. ಟೈಫುಲಾದ ಎಷ್ಟೋ ಜಾತಿಗಳಿಗೆ ಬುಡದಲ್ಲಿ ಸಾಸಿವೆಯಂಥ ಗಟ್ಟಿ ಗಂಟಿರುತ್ತದೆ. ಎಳೆದರೆ ಅದು ಮಣ್ಣಲ್ಲೇ ಉಳಿಯುತ್ತದೆ. ಕೆಳಗೆ ಹುಳದ ಕೋಶ (ಪ್ಯೂಪಾ) ಸಿಕ್ಕಿದರೆ ಅದು ಹುಳದ ಮೇಲೆ ಬೆಳೆಯುವ ಕಾರ್ಡಿಸೆಪ್ಸ್ ಬಳಗ. ಉದುರಿದ ಕಾಯಿಂದ ಎದ್ದ ಕಪ್ಪು ಕಡ್ಡಿ ಬಹುಪಾಲು ಕ್ಸೈಲೇರಿಯಾ ಎಂಬ ಬೇರೆ ಅಣಬೆ. ಕಳೆದ ಮಳೆಗಾಲದಲ್ಲಿ ಜೊತೆಗೆ ಬಂದವರು ಒಳ್ಳೆಯ ಗುಂಪನ್ನು ಚಿವುಟಿ ಡಬ್ಬಿಗೆ ತುಂಬಿಕೊಂಡರು. ಇಡೀ ವರ್ಷ ಕಾದಿದ್ದೆ. ಈಗಲೂ ಹೊಟ್ಟೆ ಉರಿಯುತ್ತದೆ.

ರಾಜಾಜಿನಗರದಿಂದ: ಅರಣ್ಯ ಇಲಾಖೆ ಅನುಮತಿ ಇತ್ತಾ? ಎಲೆ ಸಮೇತ ಎತ್ತುವುದೂ ಕೀಳುವುದೇ.

ಕೆಂಗೇರಿಯಿಂದ: ನಾನು ಎತ್ತುವುದು ನಮ್ಮ ತೋಟದಲ್ಲಿ ಸ್ವಾಮಿ. ಕಾನೂನು ಹೇಳುವವರು ಮೊದಲು ಬಡಾವಣೆ ಪಾರ್ಕುಗಳಲ್ಲಿ ತರಗೆಲೆ ಗುಡಿಸಿ ಸುಡುವುದನ್ನು ನಿಲ್ಲಿಸಿ.

ಜಯನಗರದಿಂದ: ನಮ್ಮ ಪಾರ್ಕಲ್ಲಿ ಸುಡಲ್ಲ, ಗೊಬ್ಬರ ಮಾಡುತ್ತೇವೆ.

ಕೆಂಗೇರಿಯಿಂದ: ಗುಂಡಿಗೆ ಹಾಕಿದರೂ ಮರದ ಬುಡ ಬೋಳೇ ತಾನೇ? ದೊಣ್ಣೆ ಅಣಬೆ ಎಲ್ಲಿ ಏಳಬೇಕು?

ಜಯನಗರದಿಂದ: ಹಾವು ಬರುತ್ತದೆ ಅಂತ ಮಕ್ಕಳ ತಾಯಂದಿರು ಗಲಾಟೆ ಮಾಡಿದಾಗ ನೀವು ಬಂದು ಉತ್ತರ ಕೊಡಿ. ಒಂದು ಮೂಲೆಯ ಎಲೆ ಉಳಿಸಲು ನಾನು ಪಟ್ಟ ಪಾಡು ನನಗೇ ಗೊತ್ತು.