ಕಾಲೇಜು ಬಾಸ್ಕೆಟ್‌ಬಾಲ್ ತರಬೇತುದಾರರ ವೃತ್ತಿ: ಕಾಸರಗೋಡಿನವರ ಅನುಭವಗಳು

ವಿಚಾರಿಸಿದವರು, ಮಂಜೇಶ್ವರ:
ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ) ಮುಗಿಸುತ್ತಿದ್ದೇನೆ, ಅಂತರ ಕಾಲೇಜು ಪಂದ್ಯಗಳಲ್ಲಿ ಆಡಿದ್ದೇನೆ. ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ತರಬೇತುದಾರನಾಗಬೇಕೆಂಬುದು ನನ್ನ ಆಸೆ. ಮೊದಲು ಪಟಿಯಾಲದ ತರಬೇತುದಾರರ ಡಿಪ್ಲೊಮಾ ಮಾಡಲೋ, ಎಂ.ಪಿ.ಎಡ್. (ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ) ಮಾಡಲೋ? ಈ ವೃತ್ತಿಯಲ್ಲಿರುವ ಹಿರಿಯರು ದಯವಿಟ್ಟು ತಿಳಿಸಬೇಕು.

ಕುಂಬಳೆಯಿಂದ:
ಎಂ.ಪಿ.ಎಡ್. ಮೊದಲು ಮಾಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಒಂದು ವರ್ಷದ ಡಿಪ್ಲೊಮಾ ಆಟದ ವಿದ್ಯೆಯನ್ನು ಚೆನ್ನಾಗಿ ಕಲಿಸುತ್ತದೆ, ನಿಜ. ಆದರೆ ನಮ್ಮ ಕಡೆಯ ಕಾಲೇಜುಗಳಲ್ಲಿ ಬರಿಯ ಬಾಸ್ಕೆಟ್‌ಬಾಲಿಗೆಂದು ಕಾಯಂ ಹುದ್ದೆ ಸಿಗುವುದು ಅಪರೂಪ. ಇರುವುದು ದೈಹಿಕ ಶಿಕ್ಷಣದ ಹುದ್ದೆ, ಅದರೊಳಗಿನಿಂದಲೇ ತಂಡ ಕಟ್ಟಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆಗೆ ಶೇಕಡಾ 55 ಅಂಕಗಳ ಸ್ನಾತಕೋತ್ತರ ಪದವಿ, ಅಧ್ಯಾಪಕ ಅರ್ಹತೆಯ ರಾಷ್ಟ್ರೀಯ ಪರೀಕ್ಷೆಯಾದ ನೆಟ್‌ನಂತಹ ಅರ್ಹತೆ ಹಾಗೂ ಪಂದ್ಯಗಳಲ್ಲಿ ಭಾಗವಹಿಸಿದ ದಾಖಲೆ ಬೇಕು. ಜೊತೆಗೆ ದೈಹಿಕ ಸಾಮರ್ಥ್ಯದ ಪರೀಕ್ಷೆಯೂ ಇದೆ: 30 ವರ್ಷದವರೆಗಿನ ಪುರುಷರು 12 ನಿಮಿಷಗಳಲ್ಲಿ 1800 ಮೀಟರ್ ಕ್ರಮಿಸಬೇಕು. ಆದ್ದರಿಂದ ತಾವು ಆಡಿದ ಪಂದ್ಯಗಳ ಪ್ರಮಾಣಪತ್ರಗಳನ್ನು ಈಗಲೇ ಜೋಪಾನವಾಗಿಡಿ.

ಹುದ್ದೆ ಸಿಗುವವರೆಗೆ ಅತಿಥಿ ನೇಮಕಾತಿಯಲ್ಲಿ ಕೆಲವು ವರ್ಷ ಕಳೆಯಬೇಕಾಗಬಹುದು, ಇದನ್ನು ಮನೆಯವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ವೃತ್ತಿಗೆ ತಾಳ್ಮೆ ಬೇಕು. ಅಮೆರಿಕದ ಕಾಲೇಜು ತರಬೇತುದಾರರಲ್ಲಿ ಅಗ್ರಗಣ್ಯರಾದ ಜಾನ್ ವುಡನ್ 1948ರಲ್ಲಿ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯವಾದ ಯುಸಿಎಲ್‌ಎ ಸೇರಿದರು. ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1964ರಲ್ಲಿ, ಆಮೇಲೆ 1975ರೊಳಗೆ ಇನ್ನೂ ಒಂಬತ್ತು ಬಂದವು. ಅವರೂ ಆರಂಭದಲ್ಲಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ ತಂಡ ನಡೆಸಿದವರು.

ಇನ್ನು ಅಂಗಣದ ಕೆಲಸ. ನಮ್ಮ ಜಿಲ್ಲೆಯಲ್ಲಿ ವಾಲಿಬಾಲ್, ಕಬಡ್ಡಿ, ಫುಟ್ಬಾಲ್‌ಗಳದ್ದೇ ಮೇಲುಗೈಯಾದ ಕಾರಣ ಪ್ರಥಮ ವರ್ಷಕ್ಕೆ ಬರುವ ಹೆಚ್ಚಿನವರು ಬಾಸ್ಕೆಟ್‌ಬಾಲ್ ಮುಟ್ಟಿಯೇ ಇರುವುದಿಲ್ಲ. ನಾನು ಎತ್ತರದ ವಾಲಿಬಾಲ್ ಆಟಗಾರರನ್ನು ಕರೆತರುತ್ತೇನೆ. ಅವರ ಜಿಗಿತ ಸೊಗಸಾಗಿರುತ್ತದೆ, ಆದರೆ ಸ್ಮ್ಯಾಶ್ ಹೊಡೆದು ಅಭ್ಯಾಸವಾದ್ದರಿಂದ ಎರಡೂ ಕಾಲು ಜೋಡಿಸಿ ನೆಗೆಯುತ್ತಾರೆ. ಓಡಿಬಂದು ನೆಗೆದು ಬಾಸ್ಕೆಟ್ಟಿನ ಹತ್ತಿರದಿಂದ ಚೆಂಡು ಹಾಕುವ ಬಲಗೈಯ ಲೇ-ಅಪ್‌ಗೆ ಎಡಗಾಲಿನಿಂದ ಏಳಬೇಕು. ಅದಕ್ಕಾಗಿ ಡ್ರಿಬ್ಲಿಂಗ್ (ಚೆಂಡು ಪುಟಿಸುವುದು) ಬಿಡಿಸಿ, ಚೆಂಡನ್ನು ಕೈಯಲ್ಲಿ ಹಿಡಿಸಿ, ಬಲಗಾಲು, ಎಡಗಾಲು, ಬಲಮೊಣಕಾಲು ಮೇಲಕ್ಕೆ ಎಂದು ನಡೆನಡೆಯುತ್ತಲೇ ಮಾಡಿಸುತ್ತೇನೆ. ಕಾಲು ಹೊಂದಿಕೊಂಡ ಮೇಲಷ್ಟೇ ಓಟ, ಕೊನೆಗೆ ಡ್ರಿಬ್ಲಿಂಗ್. ಒಬ್ಬ ಹುಡುಗ ಮೊದಲ ಬಾರಿ ಯೋಚಿಸದೆಯೇ ಎಡಗಾಲಿನಲ್ಲಿ ಎದ್ದು ಹಲಗೆಗೆ ಚೆಂಡು ತಾಗಿಸಿದಾಗ ಆಗುವ ಸಂತೋಷಕ್ಕಾಗಿಯೇ ನಾನು ಈ ವೃತ್ತಿಯಲ್ಲಿದ್ದೇನೆ.

ಬದಿಯಡ್ಕದಿಂದ:
ಹೆಣ್ಣುಮಕ್ಕಳ ತಂಡವನ್ನು ನೋಡಿಕೊಳ್ಳುವವಳಾಗಿ ಒಂದು ಮಾತು ಸೇರಿಸುತ್ತೇನೆ. ಸಂಜೆ ಕೊನೆಯ ಬಸ್ಸಿನ ಹೊತ್ತನ್ನು ತಿಳಿದೇ ಅಭ್ಯಾಸದ ವೇಳೆ ಗೊತ್ತುಮಾಡಬೇಕು, ಇಲ್ಲದಿದ್ದರೆ ತಂಡ ಉಳಿಯುವುದಿಲ್ಲ. ಕಚೇರಿ, ವಿಶ್ವವಿದ್ಯಾಲಯಗಳ ಪತ್ರವ್ಯವಹಾರಕ್ಕೆ ಮಲಯಾಳ ಓದಿ ಬರೆಯಲು ಕಲಿತಿರಿ. ಆದರೆ ಕನ್ನಡ ಮಾಧ್ಯಮದಿಂದ ಬಂದ ಮಗುವಿನ ತಪ್ಪನ್ನು ಕನ್ನಡದಲ್ಲೋ ತುಳುವಿನಲ್ಲೋ ತಿದ್ದಿದರೆ ಅದು ಬೇಗ ನಾಟುತ್ತದೆ. ಕಾಲೇಜು ಶುರುವಾಗುವುದೇ ಜೂನಿನ ಮಳೆಯಲ್ಲಿ. ಛಾವಣಿ ಇಲ್ಲದ ಸಿಮೆಂಟಿನ ಅಂಗಣ ಪಾಚಿ ಕಟ್ಟಿದರೆ ಯಾರನ್ನೂ ಇಳಿಸಬೇಡಿ. ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸುವುದಕ್ಕೆ ಪ್ರಾಂಶುಪಾಲರಿಂದ ಮೇ ತಿಂಗಳಲ್ಲೇ ಹಣ ಮಂಜೂರು ಮಾಡಿಸಿಕೊಳ್ಳಿ. ಮಳೆಯ ದಿನಗಳಲ್ಲಿ ಜಗಲಿಯಲ್ಲಿ ಪಾಸ್ ಮತ್ತು ಪಿವಟ್ (ಒಂದು ಕಾಲೂರಿ ತಿರುಗುವುದು) ಅಭ್ಯಾಸಕ್ಕೆ ಅಡ್ಡಿಯಿಲ್ಲ.

ಕಾಸರಗೋಡು ಪೇಟೆಯಿಂದ:
ಸಣ್ಣ ಕಾಲೇಜಿನಲ್ಲಿ ಹತ್ತು ಮಂದಿ ಸಿಗದಿದ್ದರೆ 3x3ರಿಂದ ಆರಂಭಿಸಬಹುದು. ಮೂವರು ಆಟಗಾರರು, ಒಬ್ಬ ಬದಲಿ, ಅರ್ಧ ಅಂಗಣ, ಒಂದೇ ಬಾಸ್ಕೆಟ್ ಸಾಕು. 10 ನಿಮಿಷದ ಆಟ, ಮೊದಲು 21 ಅಂಕ ಮುಟ್ಟಿದರೆ ಅಲ್ಲಿಗೇ ಮುಗಿಯಿತು. ಟೋಕಿಯೋದಿಂದ ಇದು ಒಲಿಂಪಿಕ್ಸ್‌ನಲ್ಲೂ ಇರುವುದರಿಂದ ಆಡಳಿತ ಮಂಡಳಿಯ ಮುಂದೆ ವಾದಿಸುವುದೂ ಸುಲಭ. ಡಿಪ್ಲೊಮಾದ ವಿಚಾರದಲ್ಲಿ ಕುಂಬಳೆಯವರ ಮಾತನ್ನೇ ಒಪ್ಪುತ್ತೇನೆ, ಆದರೆ ಅದನ್ನು ಪೂರ್ತಿ ಕೈಬಿಡಬೇಡಿ: ಎಂ.ಪಿ.ಎಡ್. ಆದ ಮೇಲೆ ಪಟಿಯಾಲಕ್ಕೆ ಹೋಗಿ ಬಂದರೆ ದೊಡ್ಡ ತಂಡಗಳ ತರಬೇತಿಗೂ ದಾರಿ ತೆರೆದಿರುತ್ತದೆ.